ಕಾಲರ್ ಹಚ್ಚಿದ ಬನೀನು

ನಿಪ್ಪಾಣಿಯಿಂದ ಇಚಲಕರಂಜಿ ದೂರವೇನಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಅಲ್ಲಿ ಮೊದಲ ಪವರ್‌ಲೂಮ್ ಹೂಡಿದರು. ಅಂದಿನಿಂದ ಆ ಊರು ನೇಯುತ್ತಲೇ ಇದೆ. ಇತ್ತ ಗೋಕಾಕದ ಜಲಪಾತದ ಪಕ್ಕದ ನೂಲಿನ ಗಿರಣಿ ಅದಕ್ಕಿಂತ ಹಳೆಯದು, 1880ರ ದಶಕದ್ದು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಮಂದಿ ಮದುವೆಯ ಬಸ್ತಾ ಕಟ್ಟಿಸಲು ಇಚಲಕರಂಜಿ, ಕೊಲ್ಹಾಪುರ, ಮಿರಜ ಅಂತ ಗಡಿ ದಾಟುತ್ತಲೇ ಬಂದಿದ್ದಾರೆ. ಧೋತರದ ಅಂಚು, ಪಾಪಲೀನಿನ ಮೈ, ಸೀರೆಯ ಸೆರಗು ಇವನ್ನೆಲ್ಲ ಬೆರಳಲ್ಲಿ ಉಜ್ಜಿ ಬೆಲೆ ಹೇಳಬಲ್ಲ ಹಿರಿಯರು ಇಲ್ಲಿ ಮನೆಗೊಬ್ಬರು ಸಿಗುತ್ತಾರೆ.

ಆದರೆ ಅವರ ಬೆರಳು ಕಲಿತದ್ದು ನೇಯ್ಗೆಯನ್ನು. ಹೆಣಿಗೆಯ ಬಟ್ಟೆ ಈ ಮನೆಗಳಿಗೆ ಬಂದದ್ದು ಬನೀನಾಗಿ, ಕಾಲುಚೀಲವಾಗಿ, ಚಳಿಗೊಂದು ಸ್ವೆಟರಾಗಿ. ಎಂದರೆ ಒಳಗೆ ತೊಡುವುದಾಗಿ ಅಥವಾ ಮೇಲೆ ಹೊದೆಯುವುದಾಗಿ. ಅಂಗಿಯಾಗಿ ಅಲ್ಲ. ಹಾಗಾಗಿ ಮೊಮ್ಮಗ ಪೋಲೊ ಶರ್ಟ್ ಹಾಕಿಕೊಂಡು ಕೆಲಸಕ್ಕೆ ಹೊರಟಾಗ ಅಜ್ಜ, "ಕಾಲರ್ ಹಚ್ಚಿದ ಬನೀನು ಹಾಕ್ಕೊಂಡು ಆಫೀಸಿಗೆ ಹೊಂಟಿಯೇನೋ?" ಎಂದು ಗದರಿದರೆ ನಗಬೇಕಾಗಿಲ್ಲ. ಬಟ್ಟೆಯ ರಚನೆಯ ದೃಷ್ಟಿಯಿಂದ ಅಜ್ಜನ ಮಾತು ಸರಿ. ಬನೀನು ಹೇಗೆ ಅಂಗಿಯ ಪದವಿಗೆ ಏರಿತು, ಯಾವುದು ಏರಿತು, ಯಾವುದು ಇನ್ನೂ ಬನೀನಾಗಿಯೇ ಉಳಿದಿದೆ ಎಂಬುದನ್ನು ತಿಳಿದರೆ ಅಂಗಡಿಯಲ್ಲಿ ಆರಿಸುವ ಕೆಲಸ ಮುಕ್ಕಾಲು ಮುಗಿದಂತೆ.

ನೇಯ್ದ ಬಟ್ಟೆಯಲ್ಲಿ ನೂಲು ಹೆಚ್ಚುಕಡಿಮೆ ನೇರವಾಗಿ ಮಲಗಿರುತ್ತದೆ. ಹಾಸು ಒಂದು ದಿಕ್ಕಿಗೆ, ಹೊಕ್ಕು ಅಡ್ಡಕ್ಕೆ. ಎಳೆದರೆ ನೂಲೇ ಹಿಗ್ಗಬೇಕು, ಹತ್ತಿಯ ನೂಲು ಹೆಚ್ಚು ಹಿಗ್ಗುವುದಿಲ್ಲ. ಹೆಣಿಗೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಇರುವುದು ಕುಣಿಕೆ. ಒಂದು ಕುಣಿಕೆಯೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು. ಎಳೆದಾಗ ಹಿಗ್ಗುವುದು ನೂಲಲ್ಲ, ಕುಣಿಕೆಯ ಆಕಾರ: ಅಡ್ಡಕ್ಕೆ ಅಗಲವಾಗುತ್ತದೆ, ಉದ್ದಕ್ಕೆ ಗಿಡ್ಡವಾಗುತ್ತದೆ. ಕೈ ಎತ್ತಿದಾಗ ಕಂಕುಳಲ್ಲಿ ಬಿಗಿಯದೆ ಇರುವುದಕ್ಕೂ, ಮಡಚಿ ಚೀಲಕ್ಕೆ ತುರುಕಿದರೂ ಗಟ್ಟಿ ಸುಕ್ಕು ಬೀಳದೆ ಇರುವುದಕ್ಕೂ, ಒಂದು ವರ್ಷದಲ್ಲಿ ಜೋತುಬೀಳುವುದಕ್ಕೂ ಕಾರಣ ಇದೊಂದೇ.

ಮಕ್ಕಳ ವಿಜ್ಞಾನ ಪೆಟ್ಟಿಗೆಯ ಭೂತಗನ್ನಡಿ ಇದ್ದರೆ ಎರಡು ಬಟ್ಟೆ ಪಕ್ಕಪಕ್ಕ ಹಿಡಿದು ನೋಡಿ. ಸಾದಾ ಟೀ-ಶರ್ಟಿನ ಮುಖದಲ್ಲಿ ಉದ್ದಕ್ಕೆ ಇಳಿದ ಸಣ್ಣ ಸಣ್ಣ 'ವಿ' ಆಕಾರಗಳ ಸಾಲು, ಬೆನ್ನಿನಲ್ಲಿ ಅಡ್ಡಡ್ಡ ಕಮಾನುಗಳು. ವ್ಯಾಪಾರದಲ್ಲಿ ಇದಕ್ಕೆ ಸಿಂಕರ್ ಎನ್ನುತ್ತಾರೆ. ಪೋಲೊ ಶರ್ಟಿನ ಬಟ್ಟೆಗೆ ನಮ್ಮ ಕಡೆ ಅಂಗಡಿಯವರು ಹೇಳುವ ಹೆಸರು ಮ್ಯಾಟಿ. ಕನ್ನಡಿಯಡಿ ಅದು ಬೇರೆಯೇ ಕಾಣುತ್ತದೆ: ಏಣು, ತಗ್ಗು, ನಡುವೆ ಬೆಳಕು ತೂರುವ ಸಣ್ಣ ಕಿಂಡಿ. ಮ್ಯಾಟಿ ಹೆಣೆಯುವ ಯಂತ್ರದಲ್ಲಿ ಕೆಲವು ಸೂಜಿಗಳು ಹಳೆಯ ಕುಣಿಕೆಯನ್ನು ಕೆಳಗೆ ಬಿಡದೆ, ಹಿಡಿದುಕೊಂಡೇ ಹೊಸ ನೂಲನ್ನೂ ತೆಗೆದುಕೊಳ್ಳುತ್ತವೆ. ಮುಂದಿನ ಸುತ್ತಿನಲ್ಲಿ ಎರಡೂ ಒಟ್ಟಿಗೆ ಬಿಡುಗಡೆಯಾಗುತ್ತವೆ. ಹೀಗೆ ನೂಲು ಒಂದು ಕಡೆ ಗುಂಪುಗೂಡಿ ಉಬ್ಬುತ್ತದೆ, ಇನ್ನೊಂದು ಕಡೆ ಕಿಂಡಿ ಬಿಡುತ್ತದೆ.

ಟೆನಿಸ್ ಆಟಗಾರ ರೆನೆ ಲಾಕೋಸ್ಟ್‌ಗೆ ಬೇಕಾಗಿದ್ದುದು ಈ ಕಿಂಡಿಯೇ. ಆಗಿನ ಆಟಗಾರರು ಉದ್ದ ತೋಳಿನ ನೇಯ್ದ ಅಂಗಿ ತೊಟ್ಟು, ತೋಳು ಮಡಚಿಕೊಂಡು ಆಡುತ್ತಿದ್ದರು. 1926ರ ಅಮೆರಿಕನ್ ಚಾಂಪಿಯನ್‌ಶಿಪ್‌ಗೆ ಆತ ಗಿಡ್ಡ ತೋಳಿನ, ಮೆತ್ತನೆಯ ಕಾಲರಿನ, ಹೆಣೆದ ಹತ್ತಿಯ ಅಂಗಿ ತೊಟ್ಟು ಬಂದ. 1933ರಲ್ಲಿ ಹೊಸೈರಿ, ಎಂದರೆ ಹೆಣಿಗೆ ಬಟ್ಟೆಯ, ತಯಾರಕ ಆಂದ್ರೆ ಜಿಲಿಯರ್ ಜೊತೆ ಸೇರಿ ಮೊಸಳೆ ಚಿಹ್ನೆಯ ಕಂಪನಿ ತೆರೆದ. ಪೋಲೊ ಆಡುವವರ ಹೆಸರು ಅಂಟಿದ್ದು ಆಮೇಲೆ. ಹೊಸೈರಿ ಯಜಮಾನನೊಬ್ಬ ಪಾಲುದಾರನಾದ ಸಂಗತಿ ಅಜ್ಜನ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ, ಇರಲಿ.

ಹಾಗಾದರೆ ಬನೀನಿಗೂ ಇದಕ್ಕೂ ಸಭ್ಯತೆಯ ಗೆರೆ ಎಲ್ಲಿ? ನನ್ನ ಪ್ರಕಾರ ಎರಡು ಕಡೆ. ಮೊದಲನೆಯದು ಮೈಗೆ ಅಂಟುವುದು. ಸಿಂಕರ್ ತೆಳು, ನುಣುಪು. ಬೆವರು ತಾಗಿದ ಕೂಡಲೇ ನೀರಿನ ಪದರ ಅದನ್ನು ಚರ್ಮಕ್ಕೆ ಎಳೆದುಕೊಳ್ಳುತ್ತದೆ, ಹೊಟ್ಟೆಯ ಸುತ್ತಳತೆ ಊರಿಗೆಲ್ಲ ಗೊತ್ತಾಗುತ್ತದೆ. ಮ್ಯಾಟಿಯ ಏಣುಗಳು ಚರ್ಮಕ್ಕೆ ಅಲ್ಲಲ್ಲಿ ಮಾತ್ರ ತಾಗುವುದರಿಂದ ಅಂಟುವ ಜಾಗ ಕಡಿಮೆ, ನಡುವೆ ಗಾಳಿ ಆಡುತ್ತದೆ.

ಎರಡನೆಯದು ಕಾಲರ್. ಸಿಂಕರ್ ಬಟ್ಟೆಯನ್ನು ಕತ್ತರಿಸಿ ಬಿಟ್ಟರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಮುಖದ ಕಡೆ ನೂಲು ಬಾಗಿರುವ ರೀತಿಯೇ ಬೇರೆ, ಬೆನ್ನ ಕಡೆಯದೇ ಬೇರೆ. ಆ ಎರಡು ಸೆಳೆತಗಳ ಜಗಳ ಅಂಚಿನಲ್ಲಿ ಬಯಲಾಗುತ್ತದೆ. ಅದಕ್ಕೇ ಪೋಲೊ ಕಾಲರನ್ನು ರಿಬ್ ಹೆಣಿಗೆಯಲ್ಲಿ ಮಾಡುತ್ತಾರೆ: ಒಂದು ಸಾಲು ಮುಖ ಹೊರಗೆ, ಪಕ್ಕದ ಸಾಲು ಬೆನ್ನು ಹೊರಗೆ. ಸೆಳೆತಗಳು ಒಂದನ್ನೊಂದು ಹೊಡೆದುಹಾಕಿ ಕಾಲರ್ ಸಮವಾಗಿ ಮಲಗುತ್ತದೆ. ತೊಂದರೆ ಏನೆಂದರೆ ಕಾಲರನ್ನು ಬೇರೆ ಯಂತ್ರದಲ್ಲಿ, ಬೇರೆ ಬಿಗಿಯಲ್ಲಿ ಹೆಣೆದು ಆಮೇಲೆ ಹೊಲಿಯುತ್ತಾರೆ. ಒಗೆದಾಗ ಅಂಗಿಯ ಮೈ ಒಂದು ಪ್ರಮಾಣದಲ್ಲಿ ಕುಗ್ಗಿ ಕಾಲರ್ ಇನ್ನೊಂದು ಪ್ರಮಾಣದಲ್ಲಿ ಕುಗ್ಗಿದರೆ ಕುತ್ತಿಗೆಯ ಸುತ್ತ ಅಲೆ ಏಳುತ್ತದೆ. ಇಸ್ತ್ರಿ ಅದನ್ನು ಆ ದಿನದ ಮಟ್ಟಿಗೆ ಅಡಗಿಸೀತು, ಅಷ್ಟೇ. ಅಂಗಡಿಯಲ್ಲಿ ಕಾಲರಿನ ಎರಡೂ ತುದಿ ಹಿಡಿದು ಎಳೆದು ಬಿಡಿ. ಟಪ್ಪನೆ ಮೊದಲಿನಷ್ಟಕ್ಕೆ ಮರಳಿದರೆ ಸರಿ. ಹೊಸದರಲ್ಲೇ ಸೋಮಾರಿಯಾಗಿದ್ದರೆ ಬಿಟ್ಟುಬಿಡಿ. ಕಚೇರಿಯ ಮಟ್ಟಿಗೆ ಪೋಲೊ ಶರ್ಟ್ ಎಂದರೆ ಕಾಲರೇ. ಅದು ಬಿದ್ದರೆ ಉಳಿಯುವುದು ಬನೀನು.

ದೊಡ್ಡ ಶಹರಗಳಲ್ಲಿ ಈ ಅಂಗಿ ಶುಕ್ರವಾರದ ಸಡಿಲಿಕೆ. ನಮ್ಮ ಸೀಮೆಯಲ್ಲಿ ಇದಕ್ಕೆ ನಿಜವಾದ ಕೆಲಸ ಇದೆ. ಬೆಳಿಗ್ಗೆ ಬೈಕಿನಲ್ಲಿ ಹೊಲಕ್ಕೆ ಹೋಗಿ ಬೆಳೆಸಾಲದ ತಪಾಸಣೆ ಮಾಡಿ ಮಧ್ಯಾಹ್ನ ಮ್ಯಾನೇಜರ ಎದುರು ಕೂರುವ ಬ್ಯಾಂಕಿನ ಫೀಲ್ಡ್ ಆಫೀಸರ್. ಸಕ್ಕರೆ ಕಾರ್ಖಾನೆಯ ಎಸಿ ಕೋಣೆಯಿಂದ ಕಬ್ಬಿನ ಯಾರ್ಡಿಗೆ, ಅಲ್ಲಿಂದ ಮಿಲ್ ಹೌಸಿಗೆ ದಿನಕ್ಕೆ ಹಲವು ಸಲ ಓಡಾಡುವ ಕೇನ್ ವಿಭಾಗದವರು. ಸೌಹಾರ್ದ ಸಹಕಾರಿಗಳ ವಸೂಲಿ ಸಿಬ್ಬಂದಿ. ಬೀಜ, ಗೊಬ್ಬರ ಕಂಪನಿಗಳ ಪ್ರತಿನಿಧಿಗಳು. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಕಂಪನಿ ಹುಟ್ಟಿದ್ದೇ 1939ರಲ್ಲಿ. ಮೇಜು ಮತ್ತು ಹೊಲದ ನಡುವೆ ದಿನ ಹಂಚಿಕೊಂಡವರು ಈ ಪ್ರದೇಶದಲ್ಲಿ ತಲೆಮಾರುಗಳಿಂದ ಇದ್ದಾರೆ. ಉದ್ದ ತೋಳಿನ ಟೆರಿಕಾಟ್ ಅಂಗಿಯಲ್ಲಿ ಅವರು ಬೆಂದದ್ದನ್ನು ಯಾರೂ ಲೆಕ್ಕ ಇಟ್ಟಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಒಬ್ಬ ವ್ಯಕ್ತಿಯ ದೇಹ ಸುಮಾರು 100 ವಾಟ್ ಶಾಖ ಹೊರಹಾಕುತ್ತಿರಬೇಕು. ಗಾಳಿ ತಂಪಾಗಿದ್ದರೆ ಈ ಶಾಖ ತಾನೇ ಚರ್ಮದಿಂದ ಗಾಳಿಗೆ ಹರಿದುಹೋಗುತ್ತದೆ. ಆದರೆ ಚರ್ಮದ ತಾಪ ಸುಮಾರು 35 ಡಿಗ್ರಿ. ಏಪ್ರಿಲ್ ಕೊನೆಯ ಮಧ್ಯಾಹ್ನ ಅಥಣಿಯಲ್ಲಿ ಗಾಳಿ 40ರ ಹತ್ತಿರ ಇದ್ದರೆ ಹರಿವು ತಿರುವುಮುರುವಾಗಿ ಗಾಳಿಯೇ ದೇಹಕ್ಕೆ ಶಾಖ ಕೊಡುತ್ತದೆ. ಆಗ ಉಳಿಯುವ ದಾರಿ ಒಂದೇ, ಬೆವರು ಆವಿಯಾಗುವುದು. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2.4 ಕಿಲೋಜೌಲ್ ಶಾಖ ಒಯ್ಯುತ್ತದೆ. 100 ವಾಟ್ ಎಂದರೆ ತಾಸಿಗೆ 360 ಕಿಲೋಜೌಲ್. ಭಾಗಿಸಿದರೆ ತಾಸಿಗೆ ಸುಮಾರು 150 ಗ್ರಾಂ ಬೆವರು, ಅದೂ ಸುಮ್ಮನೆ ಕೂತವನಿಗೆ. ಈ 150 ಗ್ರಾಮಿನ ದೊಡ್ಡ ಪಾಲು ಅಂಗಿಯ ಮೂಲಕವೇ ಹೊರಗೆ ಹೋಗಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ತಂಪೇನೂ ಆಗುವುದಿಲ್ಲ.

ಇಲ್ಲಿ ಊರು ಊರಿಗೂ ಗಾಳಿ ಬೇರೆ ಎಂಬುದನ್ನು ಅಂಗಿ ಕೊಳ್ಳುವವರು ಮರೆಯುತ್ತಾರೆ. ನಿಪ್ಪಾಣಿ ಸಹ್ಯಾದ್ರಿಗೆ ಹತ್ತಿರ. ಜುಲೈನಲ್ಲಿ ಜಿಟಿಜಿಟಿ ಹಿಡಿದರೆ ಹಗ್ಗದ ಮೇಲಿನ ಬಟ್ಟೆ ಮರುದಿನವೂ ತಣ್ಣಗೆ ತೇವವಾಗಿಯೇ ಇರುತ್ತದೆ. ಅಥಣಿ ಮಳೆನೆರಳಿನ ಸೀಮೆ, ಒಣ ಗಾಳಿ. ನಡುವೆ ರಾಯಬಾಗ, ಕಾಗವಾಡದ ಕೃಷ್ಣಾ ದಂಡೆಯಲ್ಲಿ ಕಬ್ಬು. ನೀರು ಕುಡಿದು ಆವಿ ಬಿಡುವ ಆ ಹಸಿರಿನ ನಡುವೆ ನಿಂತರೆ ಸೆಕೆಯ ರುಚಿಯೇ ಬೇರೆ.

ಅಥಣಿಗೆ ಅಪ್ಪಟ ಹತ್ತಿ ಸರಿ. ಹತ್ತಿಯ ನಾರು ಒಣಗಿದಂತೆ ಕಂಡಾಗಲೂ ತನ್ನ ತೂಕದ ಶೇ 7ರಿಂದ 8ರಷ್ಟು ನೀರನ್ನು ಗಾಳಿಯಿಂದ ಹೀರಿಟ್ಟುಕೊಂಡಿರುತ್ತದೆ. 200 ಗ್ರಾಂ ಅಂಗಿಯಲ್ಲಿ ಸುಮಾರು 15 ಗ್ರಾಂ ನೀರು. ಪಾಲಿಯೆಸ್ಟರಿನಲ್ಲಿ ಈ ಪ್ರಮಾಣ ಶೇ 0.4 ಮಾತ್ರ, ಒಂದು ಗ್ರಾಮೂ ಇಲ್ಲ. ಹತ್ತಿ ಬೆವರನ್ನು ಒಳಗೆಳೆದುಕೊಂಡು ಹರಡುತ್ತದೆ, ಒಣ ಗಾಳಿ ಅದನ್ನು ಬೇಗ ಎತ್ತಿಕೊಂಡು ಹೋಗುತ್ತದೆ. ಅದೇ ಹತ್ತಿ ನಿಪ್ಪಾಣಿಯ ಶ್ರಾವಣದಲ್ಲಿ ಹೀರಿದ್ದನ್ನು ಬಿಡುವುದಿಲ್ಲ. ಬೆಳಿಗ್ಗೆ ನೆನೆದದ್ದು ಸಂಜೆವರೆಗೂ ಭಾರವಾಗಿ ನೇತಾಡುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ. ಅಲ್ಲಿ ಮಳೆಗಾಲಕ್ಕೆ ಪಿಸಿ ಮ್ಯಾಟಿ, ಎಂದರೆ ಹತ್ತಿ-ಪಾಲಿಯೆಸ್ಟರ್ ಮಿಶ್ರಣ, ಜಾಣ ಆಯ್ಕೆ. ನೀರನ್ನು ನಾರಿನೊಳಗೆ ಬಿಟ್ಟುಕೊಳ್ಳದ ಪಾಲಿಯೆಸ್ಟರ್ ಬೇಗ ಒಣಗುತ್ತದೆ.

ಅಪ್ಪಟ ಪಾಲಿಯೆಸ್ಟರಿನ ಡ್ರೈಫಿಟ್ ಆಟದ ಮೈದಾನಕ್ಕೆ ಚೆನ್ನ. ಆಫೀಸಿಗೆ ಬೇಡ ಎನ್ನಲು ನನಗೆ ಒಂದು ಬಲವಾದ ಕಾರಣ ಇದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಕ್ರಿಸ್ ಕಾಲೆವಾರ್ಟ್ ಮತ್ತು ಸಂಗಡಿಗರು 26 ಜನರಿಗೆ ವ್ಯಾಯಾಮ ಮಾಡಿಸಿ ಅವರ ಬೆವರಿನ ಅಂಗಿಗಳನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾಲಿಯೆಸ್ಟರ್ ಅಂಗಿಗಳ ವಾಸನೆ ಹತ್ತಿಯವಕ್ಕಿಂತ ಗಾಢವಾಗಿತ್ತು. ಬೆವರನ್ನು ನಾರುವಂತೆ ಮಾಡುವ ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾ ಪಾಲಿಯೆಸ್ಟರಿನ ಮೇಲೆ ಹುಲುಸಾಗಿ ಬೆಳೆದಿತ್ತು. ನೀರನ್ನು ದೂರ ಇಡುವ ಈ ನಾರು ಮೈಯ ಎಣ್ಣೆಯನ್ನು ಮಾತ್ರ ಅಪ್ಪಿಕೊಳ್ಳುತ್ತದೆ. ಹೊಲ ಸುತ್ತಿ ಬಂದು ನಾಲ್ಕು ಗೋಡೆಯ ನಡುವೆ ಮೀಟಿಂಗಿಗೆ ಕೂರುವವರು ಪಕ್ಕದವರ ಬಗ್ಗೆಯೂ ಸ್ವಲ್ಪ ಯೋಚಿಸಬೇಕಲ್ಲ.

ಹತ್ತಿಯಲ್ಲೂ ತರತಮ ಇದೆ. ನಾರು ಗಿಡ್ಡವಾದಷ್ಟೂ ನೂಲಿನಿಂದ ಹೊರಚಾಚುವ ತುದಿಗಳು ಹೆಚ್ಚು. ಚೀಲದ ಪಟ್ಟಿ, ಮೇಜಿನ ಅಂಚು ಉಜ್ಜಿದಾಗ ಆ ತುದಿಗಳು ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತವೆ. ಎರಡು ತಿಂಗಳಲ್ಲೇ ಹಳೆಯದಾಗಿ ಕಾಣುವ ಅಂಗಿಗಳ ಕತೆ ಇದು. ಉದ್ದ ನಾರಿನ ಹತ್ತಿಯ ಇತಿಹಾಸದಲ್ಲಿ ನಮ್ಮ ಧಾರವಾಡಕ್ಕೆ ದೊಡ್ಡ ಜಾಗ ಇದೆ: ಅಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ ಕೊಟ್ಟ ವರಲಕ್ಷ್ಮಿ, ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ಪಡೆದ ತಳಿ. 1981ರಲ್ಲಿ ಅಲ್ಲಿಂದಲೇ ಬಂದ ಡಿಸಿಎಚ್-32ಕ್ಕೆ ಜಯಲಕ್ಷ್ಮಿ ಎಂದು ಹೆಸರು. ನುಣುಪಾದ ಸಣ್ಣ ನೂಲಿಗೆ ಇಂಥ ನಾರೇ ಬೇಕು. ಆದರೆ ನೀವು ಕೊಳ್ಳುವ ಪೋಲೊ ಶರ್ಟ್ ಬಹುಮಟ್ಟಿಗೆ ತಿರುಪ್ಪೂರಿನದು, ಅದರ ಚೀಟಿಯ ಮೇಲೆ ತಳಿಯ ಹೆಸರು ಇರುವುದಿಲ್ಲ. 'ಕೋಂಬ್ಡ್' ಎಂದಿದ್ದರೆ ಗಿಡ್ಡ ನಾರುಗಳನ್ನು ಬಾಚಿ ತೆಗೆದಿದ್ದಾರೆ ಎಂದರ್ಥ, ಅಷ್ಟನ್ನು ನೋಡಿಕೊಳ್ಳಿ.

"ಬಯೋವಾಶ್ ಮಾಲ್ ಐತ್ರೀ ಸರ" ಎಂದು ಅಂಗಡಿಯವರು ಹೇಳಿದರೆ ಅದು ಬರೀ ಬಡಾಯಿ ಅಲ್ಲ, ಹಿಂದೆ ಸೊಗಸಾದ ಕತೆ ಇದೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ಕಿನ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳು ಕೊಳೆತು ಚಿಂದಿಯಾಗುತ್ತಿದ್ದವು. ತಿನ್ನುತ್ತಿದ್ದುದು ಒಂದು ಬೂಷ್ಟು. ಅದು ಸೆಲ್ಯುಲೇಸ್ ಎಂಬ ಕಿಣ್ವ ಸುರಿಸಿ ಹತ್ತಿಯ ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆದು ಉಣ್ಣುತ್ತಿತ್ತು. ಅದನ್ನು ಅಧ್ಯಯನ ಮಾಡಿದ ಎಲ್ವಿನ್ ರೀಸ್ ಅವರ ಗೌರವಕ್ಕೆ ಅದಕ್ಕೆ ಟ್ರೈಕೊಡರ್ಮಾ ರೀಸಿಯೈ ಎಂದೇ ಹೆಸರಾಯಿತು. ಡೇರೆ ತಿಂದ ಅದೇ ಬಗೆಯ ಕಿಣ್ವವನ್ನು ಇಂದು ಅಳೆದು ಸುರಿದು, ಬಟ್ಟೆಯ ಮೇಲ್ಮೈಯ ಜುಂಗನ್ನು ಮಾತ್ರ ತಿನ್ನಿಸಿ, ಹೊತ್ತಿಗೆ ಸರಿಯಾಗಿ ನಿಲ್ಲಿಸುತ್ತಾರೆ. ಜುಂಗು ಹೋದರೆ ಗಂಟು ಕಡಿಮೆ, ಬಣ್ಣವೂ ನಿಚ್ಚಳ. ಹೆಚ್ಚು ಹೊತ್ತು ಬಿಟ್ಟರೆ ನೂಲೇ ಸೊರಗುತ್ತದೆ.

ಬಣ್ಣದ ವಿಷಯ. ನಸುಬೂದಿ, ತಿಳಿನೀಲಿ ಅಂಗಿಯ ಕಂಕುಳಲ್ಲಿ ಬೆವರು ನಕಾಶೆ ಬರೆದಂತೆ ಎದ್ದು ಕಾಣುತ್ತದೆ, ಕಡುನೀಲಿಯಲ್ಲಿ ಅಷ್ಟು ಕಾಣದು. ಒಣ ಬಟ್ಟೆಯಲ್ಲಿ ಬೆಳಕು ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ಹಾಯುವಾಗಲೆಲ್ಲ ಬಲವಾಗಿ ಚದುರಿ ಬೇಗ ಹೊರಬರುತ್ತದೆ. ಗಾಳಿಯ ವಕ್ರೀಭವನಾಂಕ 1, ಹತ್ತಿಯದು ಸುಮಾರು 1.55, ಅಂತರ ದೊಡ್ಡದು. ಗಾಳಿಯ ಜಾಗಕ್ಕೆ 1.33ರ ನೀರು ಬಂದು ಕೂತರೆ ಅಂತರ ಕುಗ್ಗಿ ಬೆಳಕು ಕಡಿಮೆ ಚದುರುತ್ತದೆ, ಬಟ್ಟೆಯ ಆಳಕ್ಕೆ ಇಳಿದು ಬಣ್ಣದಲ್ಲಿ ಕರಗಿಹೋಗುತ್ತದೆ. ಅದಕ್ಕೇ ಒದ್ದೆ ಜಾಗ ಕಪ್ಪಾಗಿ ಕಾಣುವುದು. ಕಡುನೀಲಿ ಮೊದಲೇ ಬೆಳಕು ನುಂಗುವ ಬಣ್ಣ, ಇನ್ನು ಕಪ್ಪಾಗಲು ಹೆಚ್ಚು ಜಾಗ ಇಲ್ಲ. ಬಿಳಿಯಲ್ಲಿ ನುಂಗುವ ಬಣ್ಣವೇ ಇಲ್ಲದ್ದರಿಂದ ಅದು ಕಪ್ಪಾಗುವ ಬದಲು ಪಾರದರ್ಶಕವಾಗುತ್ತದೆ, ಒಳಗಿನ ಬನೀನಿನ ಗೆರೆ ಕಾಣುತ್ತದೆ. ಕಡು ಬಣ್ಣಕ್ಕೂ ಒಂದು ದೋಷ ಉಂಟು: ಬೆವರು ಆರಿದ ಮೇಲೆ ಉಪ್ಪಿನ ಬಿಳಿ ಗೆರೆ ಉಳಿಯುತ್ತದೆ. ಬಿಸಿಲಲ್ಲಿ ಬೈಕ್ ಹೊಡೆಯುವವರಿಗೆ ಕಡು ಬಣ್ಣ ಹೆಚ್ಚು ಶಾಖವನ್ನೂ ಹೀರುತ್ತದೆ. ದಿನದ ಹೆಚ್ಚು ಹೊತ್ತು ಫ್ಯಾನಿನ ಕೆಳಗೆ ಕಳೆಯುವವರಿಗೆ ಕಡುನೀಲಿ, ರಸ್ತೆಯಲ್ಲಿ ಕಳೆಯುವವರಿಗೆ ಬಿಳಿ ಅಥವಾ ಕೆನೆಬಣ್ಣ ಎಂದು ನಾನಾದರೆ ಹೇಳುತ್ತೇನೆ.

ದಪ್ಪವನ್ನು ಜಿಎಸ್‌ಎಂನಲ್ಲಿ ಅಳೆಯುತ್ತಾರೆ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಎಂದು. ಪೋಲೊಗೆ 180ರಿಂದ 240 ರೂಢಿಯ ಮಿತಿ. ಅದಕ್ಕಿಂತ ತೆಳುವಾದರೆ ಮೈ ಕಾಣುತ್ತದೆ, ದಪ್ಪವಾದರೆ ನಮ್ಮ ಬೇಸಿಗೆಗೆ ಕಂಬಳಿ. ಈ ಭಾಗಕ್ಕೆ 200ರ ಆಸುಪಾಸು ಸಾಕು. ಹೆಗಲಿನ ಹೊಲಿಗೆ ಹೆಗಲ ಮೂಳೆಯ ತುದಿಗೆ ಬರಲಿ, ತೋಳು ಮೊಣಕೈಗಿಂತ ಸಾಕಷ್ಟು ಮೇಲೆ ನಿಲ್ಲಲಿ, ಹೊಟ್ಟೆಯ ಹತ್ತಿರ ನಾಲ್ಕು ಬೆರಳು ಸಡಿಲ ಇರಲಿ. ನಡೆದಾಡುವಾಗ ಆ ಸಡಿಲಿನಿಂದಲೇ ಒಳಗಿನ ಬಿಸಿಗಾಳಿ ಹೊರಹೋಗಿ ಹೊಸ ಗಾಳಿ ಒಳಬರುವುದು.

ಜೇಬು ಬೇಕೇ ಬೇಕು ಎನ್ನುವವರು ನಮ್ಮಲ್ಲಿ ಬಹಳ. ಪೆನ್ನು, ಪಾಸ್‌ಬುಕ್ಕಿನ ಚೀಟಿ, ಮೊಬೈಲು. ಹಾಸು-ಹೊಕ್ಕಿನ ಅಂಗಿ 200 ಗ್ರಾಮಿನ ಮೊಬೈಲನ್ನು ಹೊತ್ತೀತು. ಕುಣಿಕೆಗಳು ಹೊರಲಾರವು, ಸಂಜೆಯೊಳಗೆ ಜೇಬಿನ ಜಾಗ ಹೊಟ್ಟೆಯ ಕಡೆಗೆ ಇಳಿದು, ಕಾಲರೂ ಒಂದು ಬದಿಗೆ ವಾಲಿರುತ್ತದೆ. ಪೆನ್ನೊಂದನ್ನು ಬಿಟ್ಟು ಉಳಿದದ್ದು ಪ್ಯಾಂಟಿಗೆ ಹೋಗಲಿ.

ಒಗೆಯುವುದರಲ್ಲಿ ಈ ಸೀಮೆಗೆ ತನ್ನವೇ ಎರಡು ತಾಪತ್ರಯ. ಒಂದು ಬೋರಿನ ಸವಳು ನೀರು. ಅದರಲ್ಲಿನ ಕ್ಯಾಲ್ಸಿಯಂ ಸಾಬೂನಿನ ಕೊಬ್ಬಿನಾಮ್ಲದ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ, ಕುಣಿಕೆಗಳ ನಡುವೆ ಕೂರುತ್ತದೆ. ಕಿಂಡಿ ಮುಚ್ಚಿದ ಮ್ಯಾಟಿ ಬಿರುಸಾಗಿ, ಮಂಕಾಗಿ, ಗಾಳಿಯಾಡದೆ ಹೋಗುತ್ತದೆ. ಬಾರ್ ಸಾಬೂನಿನ ಬದಲು ಡಿಟರ್ಜೆಂಟ್ ಪುಡಿ ಬಳಸಿದರೆ ಈ ಜಿಡ್ಡು ಅಷ್ಟಾಗಿ ಹುಟ್ಟದು. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಸಲ ಅದರಲ್ಲಿ ಜಾಲಾಡಿ. ಎರಡನೆಯದು ಕಬ್ಬು ನುರಿಯುವ ಹಂಗಾಮಿನಲ್ಲಿ ಬಾಯ್ಲರಿನ ಚಿಮಣಿಯಿಂದ ಹಾರಿ ಬರುವ ರವದಿ ಬೂದಿಯಂಥ ಕರಿ. ಒಣಹಾಕಿದ ಬಟ್ಟೆಯ ಮೇಲೆ ಅದು ಕೂತದ್ದನ್ನು ಕಂಡ ಕೂಡಲೇ ಕೈಯಿಂದ ಉಜ್ಜುವುದು ಎಲ್ಲರ ಅಭ್ಯಾಸ. ಉಜ್ಜಿದರೆ ಹಗುರ ಇದ್ದಿಲಿನ ಪಕಳೆ ಪುಡಿಯಾಗಿ ಏಣುಗಳ ನಡುವಿನ ತಗ್ಗಿಗೆ ಇಳಿಯುತ್ತದೆ. ಒಣಗಿದ ಮೇಲೆ ಬಟ್ಟೆಯನ್ನು ತಲೆಕೆಳಗು ಹಿಡಿದು ಜಾಡಿಸಿ, ಆಮೇಲೆ ನೀರು.

ಒದ್ದೆ ಪೋಲೊವನ್ನು ಹೆಗಲಿನಿಂದ ಹ್ಯಾಂಗರಿಗೆ ನೇತುಹಾಕಬೇಡಿ. ನೀರಿನ ಭಾರಕ್ಕೆ ಕುಣಿಕೆಗಳು ಉದ್ದಕ್ಕೆ ಎಳೆದುಕೊಂಡು ಹಾಗೆಯೇ ಒಣಗುತ್ತವೆ. ಹಗ್ಗದ ಮೇಲೆ ನಡುವಿಗೆ ಮಡಚಿ ಹಾಕಿ.

ಇತ್ತೀಚೆಗೆ ಸೊಸೈಟಿಗಳು, ಶಾಲೆಗಳು, ಅಂಗಡಿ ಮುಂಗಟ್ಟುಗಳು ಎದೆಯ ಮೇಲೆ ಹೆಸರು ಹಾಕಿಸಿ ಇಡೀ ಸಿಬ್ಬಂದಿಗೆ ಒಂದೇ ಬಣ್ಣದ ಪೋಲೊ ಹೊಲಿಸುತ್ತಿವೆ. ಹಾಗೆ ಗಂಟಾಗಿ ಕೊಳ್ಳುವವರು ಮೊದಲು ಒಂದೇ ಅಂಗಿ ತರಿಸಿಕೊಳ್ಳಲಿ. ಯಂತ್ರದ ಮೇಲೆ ಎಳೆದು ಹಿಡಿದ ಕುಣಿಕೆಗಳು ನೀರು ಕಂಡಾಗ ತಮ್ಮ ಸಹಜ ಆಕಾರಕ್ಕೆ ಮರಳುತ್ತವೆ. ಮೊದಲ ಕೆಲವು ಒಗೆತಗಳಲ್ಲಿ ಅಂಗಿ ಗಿಡ್ಡವಾಗುವುದು ಇದರಿಂದ. ನೂಲಿಗೆ ಹಾಕಿದ ಹುರಿ ಬಿಚ್ಚಿಕೊಳ್ಳಲು ತವಕಿಸುವುದರಿಂದ ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಗುವುದೂ ಉಂಟು. ಅಂಗಿ ತಂದ ದಿನ ಕಂಕುಳಿನಿಂದ ಕೆಳ ಅಂಚಿಗೆ, ಎದೆಯ ಅಡ್ಡಕ್ಕೆ ಟೇಪು ಹಿಡಿದು ಬರೆದಿಡಿ. ಮೂರು ಸಲ ಒಗೆದು ಒಣಗಿಸಿ ಮತ್ತೆ ಅಳೆಯಿರಿ. ಉದ್ದದಲ್ಲಿ ಒಂದಿಂಚಿಗಿಂತ ಹೆಚ್ಚು ಹೋಗಿದ್ದರೆ, ಅಥವಾ ಪಕ್ಕದ ಹೊಲಿಗೆ ಪ್ಯಾಂಟಿನ ಜೇಬಿನ ನೇರ ಬಿಟ್ಟು ಮುಂದಕ್ಕೆ ಬಂದಿದ್ದರೆ ಉಳಿದ ಆರ್ಡರ್ ಕೊಡಬೇಡಿ. ಹೆಸರನ್ನು ಅಂಟಿಸುವ ಪ್ರಿಂಟಿನಲ್ಲಿ ಹಾಕಿಸುವುದಕ್ಕಿಂತ ಕಸೂತಿಯಲ್ಲಿ, ಅದೂ ಚಿಕ್ಕದಾಗಿ ಹಾಕಿಸಿ: ಹಿಗ್ಗಿ ಕುಗ್ಗುವ ಬಟ್ಟೆಯ ಮೇಲೆ ಹಿಗ್ಗದ ಬಣ್ಣದ ಪದರ ಬಿರುಕು ಬಿಡುತ್ತದೆ, ದೊಡ್ಡ ದಟ್ಟ ಕಸೂತಿ ಸುತ್ತಲಿನ ಬಟ್ಟೆಯನ್ನು ನೆರಿಗೆಗಟ್ಟಿಸುತ್ತದೆ.